ನನಗೆ ಕೊಟ್ಟ ಪರವಾನಗಿಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ

ಕಟ್ಟಡ ಪರವಾನಗಿ ಕೊಡುವ ಅಧಿಕಾರಿಗಳಿಗೆ,

(ಹಳೇ ಮನೆ ಮೇಲೆ ಒಂದು ಮಹಡಿ ಏರಿಸಿ ಬಾಡಿಗೆಗೆ ಕೊಡೋಣ ಅಂತ ಲೆಕ್ಕ ಹಾಕುತ್ತಿರುವವರೂ ಓದಬಹುದು. ಅರ್ಧ ಪತ್ರ ನಿಮಗೇ.)

ನಮಸ್ಕಾರ.

ಪರವಾನಗಿ ಸಿಗಲಿಲ್ಲ ಅಂತ ನಿಮಗೆ ಕಾಗದ ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ. ಸಿಕ್ಕಿತು ಅಂತ ತಕರಾರು ತೆಗೆಯುವವನು ಬಹುಶಃ ನಾನೊಬ್ಬನೇ. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ನನಗೆ ಅದು ಸಿಕ್ಕ ರೀತಿ ನೋಡಿ ನನಗೇ ಭಯ ಆಗಿದೆ.

ಮನೆ ಅಪ್ಪ ಕಟ್ಟಿಸಿದ್ದು. 38 ವರ್ಷ ಆಯಿತು. ನೆಲಮಹಡಿ ಮಾತ್ರ, 800 ಚದರಡಿ. ಮುಂದಿನ ಭಾಗ ಇಟ್ಟಿಗೆ ಗೋಡೆಯ ಮೇಲೆ ನಿಂತಿದೆ. ಹಿಂದಿನ ಎರಡು ಕೋಣೆಗಳನ್ನು ಆಮೇಲೆ ಪಿಲ್ಲರ್ ಎಬ್ಬಿಸಿ ಸೇರಿಸಿದ್ದು. ಅದರ ಮೇಲೆ ಇನ್ನೊಂದು ಮನೆ ಕಟ್ಟಿ ಬಾಡಿಗೆಗೆ ಕೊಡಬೇಕು, ನಿವೃತ್ತಿಯಾದ ಮೇಲೆ ಅದೇ ನನ್ನ ಸಂಬಳ ಆಗಬೇಕು ಅನ್ನೋದು ನನ್ನ ಆಸೆ. ಅರ್ಜಿ ಹಾಕಿದೆ. ನೀವು ಕೇಳಿದ್ದನ್ನೆಲ್ಲ ಕೊಟ್ಟೆ. ಹೊಸ ಮಹಡಿಯ ನಕ್ಷೆ, ಎತ್ತರ, ಪಕ್ಕದ ಸೈಟಿಗೆ ಬಿಟ್ಟ ಜಾಗ, ಕಿಟಕಿ ಎಷ್ಟು ದೊಡ್ಡದು, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ತೆರಿಗೆ ಕಟ್ಟಿದ ರಸೀದಿ. ಪಕ್ಕದವರಿಗೆ ಬಿಸಿಲು ಬೀಳುತ್ತದಾ ಅನ್ನುವುದನ್ನೂ ವಿಚಾರಿಸಿದಿರಿ. ಸರಿಯಾದ ಪ್ರಶ್ನೆಗಳೇ ಅವು, ಬೇಡ ಅನ್ನುವುದಿಲ್ಲ.

ಆದರೆ ಕೆಳಗೆ ನಿಂತಿರುವ ಮನೆಯ ಬಗ್ಗೆ ಆ ಫಾರಮ್ಮಿನಲ್ಲಿ ಇದ್ದದ್ದು ಒಂದೇ ಸಾಲು. 'ಈಗಿರುವ ಕಟ್ಟಡ: ಇದೆ / ಇಲ್ಲ.' ನಾನು 'ಇದೆ' ಅಂತ ಟಿಕ್ ಮಾಡಿದೆ. ಅಷ್ಟೇ. ಪರವಾನಗಿ ಬಂತು.

ಆ ಕಾಗದವನ್ನು ಅಕ್ಕನಿಗೆ ತೋರಿಸಿದೆ. ಕೆಳಗಿನ ಮನೆಯಲ್ಲಿ ನನ್ನ ಜೊತೆ ಇರುವವಳು ಅವಳೇ. ಪುಟ ತಿರುವಿ ನೋಡಿ, ಕನ್ನಡಕ ತೆಗೆದು ಕೇಳಿದಳು: "ಮೇಲೆ ಬರೋದನ್ನ ಎಲ್ಲರೂ ನೋಡಿದಾರೆ ಕಣೋ. ಕೆಳಗಿರೋದನ್ನ ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಮೇಸ್ತ್ರಿ ಮಾತ್ರ ಗೋಡೆಗೆ ಎರಡು ಸಲ ಬಡಿದು, "ಹಳೇ ಕಾಲದ ಗೋಡೆ ಸಾರ್, ಕಲ್ಲು ಇದ್ದಂಗಿದೆ. ಒಂದಲ್ಲ, ಎರಡು ಮಹಡಿ ಏರಿಸಿ" ಅಂದಿದ್ದರು. ಗೋಡೆ ಗಟ್ಟಿ ಇರೋದು ಬೇರೆ, ಆ ಗೋಡೆ ಯಾವುದರ ಮೇಲೆ ಕೂತಿದೆ ಅನ್ನೋದು ಬೇರೆ ಅಲ್ವಾ? ಅದು ನನಗೂ ಆಗ ಹೊಳೆದಿರಲಿಲ್ಲ. ಅಕ್ಕನ ಒತ್ತಾಯಕ್ಕೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿದೆ.

ಅವರು ಬಂದವರೇ ಗೋಡೆ ಮುಟ್ಟಲಿಲ್ಲ, ತಾರಸಿಗೂ ಹೋಗಲಿಲ್ಲ. ಮನೆಯ ಮೂಲೆ ತೋರಿಸಿ, "ಇಲ್ಲೊಂದು, ಆ ಹಿಂದಿನ ಮೂಲೆಯಲ್ಲೊಂದು ಗುಂಡಿ ತೋಡಿಸಿ, ಪಾಯದ ತಳ ಕಾಣಬೇಕು" ಅಂದರು. ಒಬ್ಬ ಆಳಿಗೆ ಒಂದು ದಿನದ ಕೆಲಸ. ಇಡೀ ಯೋಜನೆಯಲ್ಲಿ ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ.

ಮುಂದಿನ ಗುಂಡಿಯಲ್ಲಿ ಪಾಯ ಸಿಕ್ಕಿತು. ಅಪ್ಪ ಇಟ್ಟಿದ್ದ ನಕ್ಷೆಯಲ್ಲಿ ಅದರ ಅಗಲ ಮೂರಡಿ. ಟೇಪ್ ಹಿಡಿದರೆ ಎರಡಡಿ. ಅಪ್ಪ ಮೋಸ ಮಾಡಿದ್ದಲ್ಲ, ಯಾರೋ ಕಲ್ಲು ಉಳಿಸಿದ್ದಾರೆ, ಅಷ್ಟೇ. ಬರೀ ನೆಲಮಹಡಿಗೆ ಅದು ಸಾಕಾಗಿದೆ, 38 ವರ್ಷ ನಿಂತಿದೆ. ಹಿಂದಿನ ಗುಂಡಿಯದ್ದು ಬೇರೆಯೇ ಕಥೆ. ಎರಡಡಿ ಅಗೆದ ಮೇಲೆ ಒಡೆದ ಹೆಂಚಿನ ಚೂರು, ಗಾಜಿನ ಬಾಟಲಿಯ ಕತ್ತು, ಸುಟ್ಟ ಇಟ್ಟಿಗೆಯ ಪುಡಿ ಬರತೊಡಗಿತು. ಎಂಜಿನಿಯರ್ ಆ ಬಾಟಲಿಯ ಚೂರನ್ನು ಕೈಗೆತ್ತಿಕೊಂಡು, "ಇದು ಹುಟ್ಟಾ ಇದ್ದ ನೆಲ ಅಲ್ಲ, ತುಂಬಿದ್ದು" ಅಂದರು. ಕಸ ಹಾಕಿ ಮಟ್ಟ ಮಾಡಿದ ಮಣ್ಣಿನ ಮೇಲೆ ಹಿಂದಿನ ಎರಡು ಪಿಲ್ಲರ್ ನಿಂತಿವೆ. ಮುಂದಿನ ಭಾಗ ಗಟ್ಟಿ ನೆಲದ ಮೇಲೆ, ಹಿಂದಿನದು ತುಂಬಿದ ಮಣ್ಣಿನ ಮೇಲೆ. ಇಡೀ ಮನೆ ಒಂದೇ ಸಮ ನೆಲದೊಳಗೆ ಸ್ವಲ್ಪ ಇಳಿದರೆ ಅಷ್ಟೇನೂ ಅಪಾಯ ಇಲ್ಲವಂತೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇಳಿದಾಗಲೇ ಗೋಡೆ ಸೀಳುವುದು. ಹಳೆಯದೂ ಹೊಸದೂ ಸೇರುವ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗಿರುವ ಒಂದು ಬಿರುಕಿಗೆ ಎರಡು ಸಲ ಬಣ್ಣ ಹೊಡೆಸಿದ್ದೆ. ಅದರ ಅರ್ಥ ಅವತ್ತು ಗೊತ್ತಾಯಿತು.

ಈಗ ಭಾರದ ಮಾತು. ನಿಮ್ಮ ಫಾರಮ್ಮಿನಲ್ಲಿ ಇಲ್ಲದೇ ಇದ್ದದ್ದು ಇದೇ. ಕಬ್ಬಿಣ ಹಾಕಿದ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,500 ಕಿಲೋ. ಐದು ಇಂಚಿನ ಮೋಲ್ಡ್ ಹಾಕಿದರೆ ಪ್ರತಿ ಚದರ ಮೀಟರಿಗೆ 300 ಕಿಲೋ ದಾಟುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮೂರು ಮೀಟರ್ ಎತ್ತರಕ್ಕೆ ಎದ್ದರೆ, ಗಾರೆ ಸೇರಿ, ಪ್ರತಿ ಮೀಟರ್ ಉದ್ದಕ್ಕೆ ಒಂದೂವರೆ ಟನ್. ನನ್ನ 800 ಚದರಡಿಗೆ ಮೋಲ್ಡು 23 ಟನ್, ಗೋಡೆಗಳು 44 ಟನ್, ನೆಲಹಾಸು 8 ಟನ್, ಸಾವಿರ ಲೀಟರಿನ ನೀರಿನ ಟ್ಯಾಂಕು 1 ಟನ್, ಜನ, ಮಂಚ, ಬೀರು ಅಂತ ಲೆಕ್ಕಕ್ಕೆ ಹಿಡಿಯಬೇಕಾದದ್ದು 15 ಟನ್. ಒಟ್ಟು 90 ಟನ್ ಆಸುಪಾಸು. ಒಂದು ಆನೆ ನಾಲ್ಕು ಟನ್ ಅಂತ ಇಟ್ಟುಕೊಂಡರೆ ಇಪ್ಪತ್ತೆರಡು ಆನೆ. ಇಪ್ಪತ್ತೆರಡು ಆನೆಗಳನ್ನು ಮನೆ ಮೇಲೆ ನಿಲ್ಲಿಸುತ್ತೇನೆ ಅಂತ ಅರ್ಜಿ ಹಾಕಿದ್ದರೆ ನೀವು ಒಮ್ಮೆ ಬಂದು ನೋಡುತ್ತಿದ್ದಿರಿ. 'ಮೊದಲ ಮಹಡಿ' ಅಂತ ಬರೆದೆ, ಯಾರೂ ಬರಲಿಲ್ಲ.

ತಾರಸಿಯಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಸೋರಿದಾಗಲೆಲ್ಲ ನಾವು ಹಳೇ ಗಾರೆ ತೆಗೆಸದೆ ಅದರ ಮೇಲೇ ಹೊಸದು ಹಾಕಿಸುತ್ತಾ ಬಂದಿದ್ದೆವು. ಒಂದು ಕಡೆ ಒಡೆದು ಅಳೆದರೆ ನಾಲ್ಕು ಇಂಚು. ಅಂದರೆ 15 ಟನ್ ಆಗಲೇ ತಲೆ ಮೇಲೆ ಕೂತಿದೆ! ಮಹಡಿ ಹಾಕುವವರು, ಹಾಕದವರು, ಯಾರೇ ಆಗಲಿ, ಸೋರುವ ತಾರಸಿಗೆ ಪದರದ ಮೇಲೆ ಪದರ ಹಾಕಿಸಬೇಡಿ ಮಾರಾಯರೇ. ಮೊದಲು ಕಿತ್ತು ಹಾಕಿಸಿ.

ಪಿಲ್ಲರ್ ಕಂಬಿಗಳ ವಿಷಯಕ್ಕೆ ಬರುತ್ತೇನೆ. ಮುಂದೆ ಯಾವಾಗಲಾದರೂ ಮಹಡಿ ಹಾಕೋಣ ಅಂತ ತಾರಸಿಯಿಂದ ಕಂಬಿ ಬಿಟ್ಟಿರುತ್ತಾರಲ್ಲ, ನಮ್ಮದರಲ್ಲೂ ಇತ್ತು. ಅವು ಇವೆ ಅನ್ನೋದೇ ನನ್ನ ಧೈರ್ಯಕ್ಕೆ ಅರ್ಧ ಕಾರಣ. ಎಂಜಿನಿಯರ್ ವೈರ್ ಬ್ರಷ್ಷಿನಿಂದ ಒಂದನ್ನು ಉಜ್ಜಿದರು. ತುಕ್ಕು ಸಿಪ್ಪೆ ಸಿಪ್ಪೆಯಾಗಿ ಉದುರಿತು. 12 ಮಿಲಿಮೀಟರ್ ಕಂಬಿ 9ಕ್ಕೆ ಬಂದು ನಿಂತಿತ್ತು. ಮೂರೇ ಮಿಲಿಮೀಟರ್ ತಾನೇ ಅಂದೆ. ಕಂಬಿಯ ಬಲ ಇರುವುದು ಅದರ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ, ಅದರಲ್ಲಿ ಶೇಕಡಾ 44 ಹೋಗಿದೆ ಅಂದರು. ಸಾಲದ್ದಕ್ಕೆ ಹೊಸ ಕಂಬಿಯನ್ನು ಹಳೆಯದರ ಪಕ್ಕ ಕೂಡಿಸಿ ಕಟ್ಟಲು ಕಂಬಿಯ ದಪ್ಪದ 40ರಿಂದ 50 ಪಟ್ಟು ಉದ್ದ ಬೇಕು, ಅಂದರೆ 12 ಮಿಲಿಮೀಟರಿಗೆ ಹೆಚ್ಚುಕಮ್ಮಿ ಎರಡಡಿ. ನಮ್ಮ ಮನೆಯಲ್ಲಿ ಬಿಟ್ಟಿದ್ದದ್ದು ಒಂದಡಿ.

ಆಮೇಲೆ ಪಿಲ್ಲರಿನ ಮೂಲೆಯಲ್ಲಿ ಸ್ವಲ್ಪ ಕಾಂಕ್ರೀಟು ಒಡೆದು ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು, ಕ್ಷಾರ ಇದ್ದ ಕಡೆ ಅದು ಗುಲಾಬಿ ಆಗುತ್ತದೆ. ಒಳಗೆ ಗುಲಾಬಿ ಬಣ್ಣ ಬಂತು, ಹೊರಗಿನ ಒಂದು ಇಂಚಿಗೆ ಬಣ್ಣವೇ ಬರಲಿಲ್ಲ. ಹೊಸ ಕಾಂಕ್ರೀಟಿನಲ್ಲಿರುವ ಕ್ಷಾರ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷ ವರ್ಷ ಒಳಗೆ ಇಳಿಯುತ್ತಾ ಆ ಕ್ಷಾರವನ್ನು ತಿನ್ನುತ್ತದೆ. ಬಣ್ಣ ಬಾರದ ಜಾಗದಲ್ಲಿ ಕಂಬಿಗೆ ಕಾವಲು ಇಲ್ಲ. ನಮ್ಮ ಕಂಬಿಗಳು ಇದ್ದದ್ದು ಸರಿಯಾಗಿ ಆ ಒಂದು ಇಂಚಿನಲ್ಲಿ.

ಇಲ್ಲಿ ಮೇಸ್ತ್ರಿಯವರು ಪಟ್ಟು ಬಿಡಲಿಲ್ಲ. ಎಲ್ಲಿಂದಲೋ ಒಂದು ರಿಬೌಂಡ್ ಹ್ಯಾಮರ್ ತರಿಸಿದರು. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಡಿದು ಎಷ್ಟು ಚಿಮ್ಮಿತು ಅಂತ ಅಂಕಿ ತೋರಿಸುವ ಸುತ್ತಿಗೆ ಅದು. ಅಂಕಿ ಚೆನ್ನಾಗೇ ಬಂತು. "ನೋಡಿ, ನಾನು ಹೇಳಿದ್ದೇ ಸರಿ" ಅಂತ ಅವರ ಮುಖ ಅರಳಿತು. ವಿಚಿತ್ರ ಏನಂದರೆ, ಕ್ಷಾರ ಕಳೆದುಕೊಂಡ ಹಳೇ ಕಾಂಕ್ರೀಟಿನ ಮೇಲ್ಮೈ ಇನ್ನೂ ಗಡುಸಾಗುತ್ತದಂತೆ. ಹಾಗಾಗಿ ಸುತ್ತಿಗೆ ಇರುವುದಕ್ಕಿಂತ ಜಾಸ್ತಿ ಅಂಕಿ ತೋರಿಸುತ್ತದೆ. ಅದೊಂದನ್ನೇ ನಂಬಿ ಮಹಡಿ ಏರಿಸಬೇಡಿ, ಕೋರ್ ತೆಗೆಸಿ, ಅಂದರೆ ಕಾಂಕ್ರೀಟನ್ನು ಕೊರೆದು ಒಂದು ತುಂಡು ತೆಗೆಸಿ, ಅದನ್ನು ಒಡೆದು ಪರೀಕ್ಷೆ ಮಾಡಿಸಿ ಅಂದರು ಎಂಜಿನಿಯರ್.

ಮಾಲೀಕರೇ, ಈಗ ನಿಮ್ಮ ಸರದಿ. ಬಂಡವಾಳದ ಮಾತಾಡೋಣ.

ಮಹಡಿ ಹಾಕುವುದರಲ್ಲಿ ಒಂದು ನಿಜವಾದ ಲಾಭ ಇದೆ: ಜಾಗ ಕೊಳ್ಳಬೇಕಿಲ್ಲ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಸುಲಭಕ್ಕೆ ಕಟ್ಟುವ ಖರ್ಚು 100 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಬಾಡಿಗೆ 6 ಬರುತ್ತದೆ ಅನ್ನಿ. ಶೇಕಡಾ ಆರು, ಮೇಲಾಗಿ ಮನೆಯ ಬೆಲೆಯೂ ಏರುತ್ತದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಅಕ್ಕ ಪೆನ್ನು ಕಿತ್ತುಕೊಂಡಳು. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಇದ್ದರೆ ಆ ಆರರಲ್ಲಿ 0.5 ಹೋಯಿತು. ತೆರಿಗೆ, ಬಣ್ಣ, ಕೆಟ್ಟ ನಲ್ಲಿ, ಸುಟ್ಟ ಪಂಪು ಅಂತ ಇನ್ನೊಂದು 0.7 ಹೋಯಿತು. ಉಳಿದದ್ದು 4.8. ಪಾಯ ಅಗಲ ಮಾಡಿಸಿ, ಪಿಲ್ಲರುಗಳ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟಿನ ಕವಚ ಹಾಕಿಸಿದರೆ ಖರ್ಚು 100 ಇದ್ದದ್ದು 130 ಆಯಿತು ಅನ್ನಿ. ಆಗ ಕೈಗೆ ಸಿಗೋದು ಶೇಕಡಾ 3.7. ಇದೆಲ್ಲ ಲೆಕ್ಕಕ್ಕೆ ಹೇಳುತ್ತಿರುವ ಅಂಕಿಗಳು, ನಿಮ್ಮದು ಬೇರೆ ಇರುತ್ತದೆ. ಆದರೆ ಸಾಲ ತೆಗೆದು ಕಟ್ಟುವುದಾದರೆ ಬ್ಯಾಂಕಿನ ಬಡ್ಡಿ ಪಕ್ಕದಲ್ಲಿ ಬರೆದು ನೋಡಿ, ನಿದ್ದೆ ಬರುತ್ತದಾ ಹೇಳಿ.

ಮೆಟ್ಟಿಲನ್ನೂ ಎಲ್ಲರೂ ಮರೆಯುತ್ತಾರೆ. ಒಳಗಿಂದ ಹಾಕಿದರೆ ಕೆಳಗಿನ ಒಂದು ಕೋಣೆ ಹೋಗುತ್ತದೆ, ಬಾಡಿಗೆದಾರರು ನಿಮ್ಮ ಹಜಾರದಲ್ಲೇ ಓಡಾಡುತ್ತಾರೆ. ಹೊರಗಿಂದ ಹಾಕಿದರೆ ಪಕ್ಕದಲ್ಲಿ ಬಿಡಬೇಕಾದ ಜಾಗ ತಿನ್ನುತ್ತದೆ. ಸಂಡಾಸಿನ ಮೇಲೇ ಸಂಡಾಸು ಬಂದರೆ ಪೈಪು ನೇರ ಇಳಿಯುತ್ತದೆ. ಬಾಡಿಗೆದಾರರಿಗೆ ದೊಡ್ಡ ಹಾಲ್ ಇಷ್ಟ ಅಂತ ಅದನ್ನು ಅತ್ತಿತ್ತ ಸರಿಸಿದರೆ ಪೈಪು ಮುಚ್ಚಲು ಮಣ್ಣು ತುಂಬಬೇಕು, ಮತ್ತೆ ಭಾರ. ಇನ್ನೊಂದು ಕೆಟ್ಟ ಅಭ್ಯಾಸ, ಕೆಳಗೆ ಗೋಡೆಯೂ ಇಲ್ಲದ, ಬೀಮೂ ಇಲ್ಲದ ಕಡೆ, ಮೋಲ್ಡಿನ ನಟ್ಟನಡುವೆ ಮೇಲೊಂದು ಗೋಡೆ ಎಬ್ಬಿಸೋದು. ಮೀಟರಿಗೆ ಒಂದೂವರೆ ಟನ್ ಅಂತ ಹೇಳಿದೆನಲ್ಲ, ಅದು ಹೋಗಿ ಕೂರುವುದು ಮಲಗುವ ಕೋಣೆಯ ಸೂರಿನ ಮೇಲೆ.

ಹಾಗಂತ ಮಹಡಿಯೇ ಬೇಡ ಅಂತಲ್ಲ. ಎಂಜಿನಿಯರ್ ಒಂದು ದಾರಿ ತೋರಿಸಿದ್ದಾರೆ. ತಾರಸಿಯ ನಾಲ್ಕು ಇಂಚು ಗಾರೆ ತೆಗೆಯುವುದು, ಮುಂದಿನ ಗಟ್ಟಿ ನೆಲದ ಭಾಗದ ಮೇಲೆ ಮಾತ್ರ ಎರಡು ಕೋಣೆ, ಅದೂ ಉಕ್ಕಿನ ಚೌಕಟ್ಟು, ಹಗುರ ಬ್ಲಾಕಿನ ಗೋಡೆ, ಶೀಟಿನ ಸೂರು. ಎಎಸಿ ಅನ್ನುವ ಆ ಹಗುರ ಬ್ಲಾಕು ಘನ ಮೀಟರಿಗೆ 600 ಕಿಲೋ ಆಸುಪಾಸು, ಇಟ್ಟಿಗೆ 1,900. ಮೂರರಲ್ಲಿ ಒಂದು ಪಾಲು. ಅದಕ್ಕೂ ಮೊದಲು ಹಳೇ ಬಿರುಕಿನ ಮೇಲೆ ಒಂದು ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ, ತಾರೀಕು ಬರೆದು ಹೋಗಿದ್ದಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಾಯಬೇಕು. ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಅದನ್ನು ನೋಡುವುದು ನನಗೂ ಅಕ್ಕನಿಗೂ ಅಭ್ಯಾಸ ಆಗಿಬಿಟ್ಟಿದೆ.

ಅಧಿಕಾರಿಗಳೇ, ಇಷ್ಟು ಸಣ್ಣ ಮನೆಗೆ ಇಷ್ಟೊಂದು ರಾದ್ಧಾಂತ ಯಾಕೆ ಅನ್ನಿಸಬಹುದು. ದೊಡ್ಡದರ ಉದಾಹರಣೆ ನಿಮಗೇ ಗೊತ್ತಿದೆ. ಸಿಯೋಲ್‌ನ ಸಾಂಪೂಂಗ್ ಮಳಿಗೆ ಕಟ್ಟಡ 1995ರ ಜೂನ್ 29ರಂದು ಕುಸಿದು 502 ಜನ ಸತ್ತರು. ನಾಲ್ಕು ಮಹಡಿ ಅಂತ ಯೋಚಿಸಿದ್ದಕ್ಕೆ ಐದನೆಯದು ಸೇರಿಸಿದ್ದರು. ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಬಿದ್ದದ್ದು 2013ರ ಏಪ್ರಿಲ್ 24ಕ್ಕೆ, ಸತ್ತವರು 1,100ಕ್ಕೂ ಹೆಚ್ಚು. ಅಲ್ಲೂ ಮೇಲಿನ ಮಹಡಿಗಳನ್ನು ಅನುಮತಿ ಇಲ್ಲದೆ ಏರಿಸಿದ್ದರು. ನನ್ನನ್ನು ಕಾಡುವುದು ಸತ್ತವರ ಲೆಕ್ಕ ಒಂದೇ ಅಲ್ಲ. ಎರಡೂ ಕಡೆ ಬಿರುಕು ಮೊದಲೇ ಕಂಡಿತ್ತು. ರಾಣಾ ಪ್ಲಾಜಾದಲ್ಲಂತೂ ಹಿಂದಿನ ದಿನವೇ ಬಿರುಕು ನೋಡಿ ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳ ಹೊಲಿಗೆ ಕೆಲಸದವರನ್ನು ಮಾತ್ರ ಮರುದಿನ ಒಳಗೆ ಕರೆದರು. ಬಿರುಕಿಗೆ ಬಣ್ಣ ಹೊಡೆಸಿದವನು ನಾನು. ಹಾಗಾಗಿ ಬೇರೆಯವರ ಮೇಲೆ ಬೆರಳು ತೋರಿಸಲು ಸ್ವಲ್ಪ ಮುಜುಗರ.

ನಾನು ಕೇಳುವುದು ದೊಡ್ಡದೇನಲ್ಲ. ಆ 'ಇದೆ / ಇಲ್ಲ' ಸಾಲನ್ನು ತೆಗೆದುಹಾಕಿ. ಅದರ ಜಾಗದಲ್ಲಿ, ಹಳೆಯ ಕಟ್ಟಡದ ಪಾಯವನ್ನು ಕನಿಷ್ಠ ಎರಡು ಕಡೆ ಅಗೆದು ತೆಗೆದ ಫೋಟೊ, ಅಳತೆ, ಮತ್ತು 'ಇದು ಇಷ್ಟು ಭಾರ ಹೊರುತ್ತದೆ' ಅಂತ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿದ ವರದಿ ಕೇಳಿ. ವರದಿ ಇಲ್ಲದೆ ಅರ್ಜಿಯನ್ನು ಮುಂದಿನ ಟೇಬಲ್ಲಿಗೆ ಕಳಿಸಬೇಡಿ. ಸುಮ್ನೆ ಒಂದು ಮುಚ್ಚಳಿಕೆ ಪತ್ರ ಬರೆಸಿಕೊಂಡು ಬಿಟ್ಟರೆ ಆಗುವುದಿಲ್ಲ. ಅದಕ್ಕೆ ಎಲ್ಲರೂ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ.

ಹಳೆಯ ನಕ್ಷೆಗಳನ್ನು ದಯವಿಟ್ಟು ಕಾಪಾಡಿ. ಅಪ್ಪನ ಟ್ರಂಕಿನಲ್ಲಿ ಪ್ರತಿ ಸಿಗದೇ ಇದ್ದಿದ್ದರೆ ಮೂರಡಿ ಎರಡಡಿಯಾದ ಕಥೆ ನನಗೆ ತಿಳಿಯುತ್ತಲೇ ಇರಲಿಲ್ಲ. ಕಚೇರಿಯಲ್ಲಿ ಕೇಳಿದ್ದಕ್ಕೆ ಅಷ್ಟು ಹಳೇದು ಸಿಗಲ್ಲ ಅಂದಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ಅನುಮತಿ ಇಲ್ಲದೆ ಏರಿಸಿದ ಮಹಡಿಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುತ್ತೀರಲ್ಲ, ಅಲ್ಲೂ ಇದೇ ವರದಿ ಕೇಳಿ. ದಂಡದ ರಸೀದಿಯಿಂದ ಪಾಯ ಅಗಲ ಆಗುವುದಿಲ್ಲ. ನೆಲ ನಡುಗಿದರೆ ಮೇಲಿನ ಭಾರ ಜಾಸ್ತಿ ಇದ್ದಷ್ಟೂ ಕೆಳಗಿನ ಗೋಡೆಗೆ ಅಡ್ಡ ಏಟು ಜಾಸ್ತಿ. ಅದರ ಮೇಲೆ ಗಾಡಿ ನಿಲ್ಲಿಸಲು ಕೆಳಗಿನ ಗೋಡೆಯನ್ನೇ ತೆಗೆಸಿ ಕಂಬಗಳ ಮೇಲೆ ನಿಲ್ಲಿಸಿದ ಮನೆಗಳೂ ಇವೆ. ಅಂಥವುಗಳ ಅರ್ಜಿ ಬಂದಾಗಲಾದರೂ ಕುರ್ಚಿಯಿಂದ ಎದ್ದು ಒಮ್ಮೆ ಹೋಗಿ ಬನ್ನಿ.

ಖರ್ಚು ಜಾಸ್ತಿ ಆಗುತ್ತದೆ ಅಂತ ಮಾಲೀಕರು ಗೊಣಗುತ್ತಾರೆ, ಗೊತ್ತು. ಎರಡು ಗುಂಡಿ, ಎರಡು ಪರೀಕ್ಷೆ, ಒಂದು ವರದಿ. ನನಗೆ ಆದ ಖರ್ಚು ಹೊಸ ಮಹಡಿಗೆ ನೋಡಿಟ್ಟಿದ್ದ ಟೈಲ್ಸಿಗಿಂತ ಕಮ್ಮಿ. ನಾಳೆ ಮಾರಲು ಹೋದರೆ ಕೊಳ್ಳುವವನ ಬ್ಯಾಂಕು ಕೇಳುವ ಮೊದಲ ಕಾಗದವೂ ಇಂಥದ್ದೇ ಆಗಬಹುದು.

ಕೊನೆಗೆ ನನ್ನ ಫೈಲು. ನೀವು ಕೊಟ್ಟ ಪರವಾನಗಿ ಇನ್ನೂ ಚಾಲ್ತಿಯಲ್ಲಿದೆ. ಪೂರ್ತಿ 800 ಚದರಡಿಗೆ, ಇಟ್ಟಿಗೆ ಗೋಡೆ, ಕಾಂಕ್ರೀಟ್ ಮೋಲ್ಡಿಗೆ. ನಾಳೆ ಬೆಳಗ್ಗೆ ಮೇಸ್ತ್ರಿಯನ್ನು ಕರೆದು ಕೆಲಸ ಶುರು ಮಾಡಿದರೆ ತಡೆಯುವವರು ಯಾರೂ ಇಲ್ಲ. ನಾನು ಮಾಡುವುದಿಲ್ಲ. ಆದರೆ ಇಂಥದ್ದೇ ಕಾಗದ ಹಿಡಿದ ಇನ್ನೊಬ್ಬರಿಗೆ ಕೇಳುವ ಅಕ್ಕ ಇರಬೇಕಲ್ಲ. ಆದ್ದರಿಂದ ಇದನ್ನು ರದ್ದು ಮಾಡಿ, ಎಂಜಿನಿಯರ್ ವರದಿಯ ಜೊತೆ ಹೊಸ ಅರ್ಜಿ ಹಾಕಲು ನನಗೆ ಹೇಳಿ. ಮೂಲ ಪ್ರತಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಗುಂಡಿಗಳನ್ನು ಇನ್ನೂ ಮುಚ್ಚಿಲ್ಲ, ಮೇಲೆ ತಗಡು ಹಾಕಿಟ್ಟಿದ್ದೇನೆ. ಪಾಯದ ಪಕ್ಕ ನೀರು ನಿಲ್ಲಬಾರದು, ಮಳೆ ಹಿಡಿದರೆ ಮುಚ್ಚಲೇಬೇಕು. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಬಂದರೆ ತೋರಿಸುತ್ತೇನೆ. ಬಾಟಲಿಯ ಚೂರುಗಳು ಅಲ್ಲೇ ಇವೆ, ಸ್ವಲ್ಪ ನೋಡಿಕೊಂಡು ಇಳಿಯಿರಿ.

ಇಂತಿ,
ಒಂದು ಹಳೇ ಮನೆಯ ಮಾಲೀಕ